ದಫನ ಭೂಮಿಯ ಗಿಡಕ್ಕೆ ವುಝೂ ನೀರು

ಮಂಗಳೂರಲ್ಲಿ ಗುಡ್ಡಗಳನ್ನು ಜೆಸಿಬಿ ತಿಂದಾಗಿದೆ, ಹಿತ್ತಿಲುಗಳಲ್ಲಿ ಫ್ಲ್ಯಾಟ್ ಎದ್ದಿವೆ. ಇನ್ನೂ ನಾಲ್ಕು ಮರ ಒಟ್ಟಿಗೆ ಕಾಣುವ ಜಾಗಗಳಲ್ಲಿ ಹಳೆ ಮಸೀದಿಗಳ ಪಕ್ಕದ ದಫನ ಭೂಮಿಯೂ ಒಂದು. ವಕ್ಫ್ ಜಾಗ, ಮಾರಲಿಕ್ಕೆ ಬರುವುದಿಲ್ಲ. ಹಾಗಾಗಿ ಉಳಿಯಿತು ಅಷ್ಟೆ.

ಈಗ ಅಲ್ಲಿಗೂ 'ಕ್ಲೀನಿಂಗ್' ಬಂದಿದೆ. ಪೊದೆ ಇದ್ದರೆ ಹಾವು, ಎಲೆ ಬಿದ್ದರೆ ಕಸ, ಎಲ್ಲ ತೆಗೆದು ಇಂಟರ್‌ಲಾಕ್ ಹಾಕುವ ಅನ್ನುವ ಮಾತು ಜಮಾಅತ್ ಸಭೆಗಳಲ್ಲಿ ಕೇಳುತ್ತಿದ್ದೇವೆ. ನಡೆಯುವ ದಾರಿಗೆ ಹಾಕಲಿ, ಬೇಡ ಅನ್ನುವುದಿಲ್ಲ. ನೆಲವನ್ನೇ ಮುಚ್ಚಿದರೆ ಮಸೀದಿ ಬಾವಿಗೆ ನೀರು ಎಲ್ಲಿಂದ? ಇನ್ನು ಮರ ಕಡಿಯುವುದಾದರೆ, 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಹೆಚ್ಚಿನ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮ ಜಾಗ, ನಮ್ಮ ಮರ ಅಂದರೆ ಸಾಲದು.

ಗಿಡ ನೆಡಲು ಜನ ಕಮ್ಮಿ ಇಲ್ಲ. ಜೂನ್ 5ಕ್ಕೆ ಒಂದು ಸಸಿಗೆ ಹತ್ತು ಕೈ ಸೇರಿ ಫೋಟೋ ಆಗುತ್ತದೆ. ಮಳೆಗಾಲದಲ್ಲಿ ಆ ಸಸಿಗೆ ಯಾರೂ ಬೇಕಾಗಿಲ್ಲ. ಕಷ್ಟ ಶುರುವಾಗುವುದು ಜನವರಿಯ ನಂತರ. ಜಪಾನಿನ ಅಕಿರಾ ಮಿಯಾವಾಕಿ ಅವರ ಪದ್ಧತಿಯಂತೆ ಸಣ್ಣ ಜಾಗದಲ್ಲಿ ಊರಿನದ್ದೇ ಜಾತಿಯ ಗಿಡಗಳನ್ನು ಒತ್ತೊತ್ತಾಗಿ ನೆಟ್ಟು ಕಾಡು ಮಾಡುವಾಗಲೂ ಮೊದಲ ಎರಡು ಮೂರು ವರ್ಷ ನೀರು ಹಾಕಿ ಕಳೆ ಕೀಳಲೇಬೇಕು.

ಆ ನೀರು ಮಸೀದಿಯಲ್ಲೇ ಇದೆ. ಐದು ಹೊತ್ತಿನ ವುಝೂ ನೀರಿನಲ್ಲಿ ಸೋಪು ಇರುವುದಿಲ್ಲ, ಆದರೂ ಹೆಚ್ಚಿನ ಕಡೆ ಅದು ಚರಂಡಿಗೇ ಹೋಗುತ್ತದೆ. 2019ರ ಬೇಸಿಗೆಯಲ್ಲಿ ತುಂಬೆಯಲ್ಲಿ ನೀರು ಇಳಿದು ನಗರಕ್ಕೆ ರೇಷನ್ ಮಾಡಿದ್ದು ಎಲ್ಲರಿಗೂ ನೆನಪಿರಬಹುದು. ಹೊರಹೋಗುವ ಪೈಪನ್ನು ಒಂದು ಟ್ಯಾಂಕಿಗೆ ತಿರುಗಿಸುವುದು ದೊಡ್ಡ ಖರ್ಚಿನ ಕೆಲಸ ಅಲ್ಲ.

ಬೇರು ಖಬರ್‌ಗೆ ಹೋಗುವುದಿಲ್ಲವಾ ಅಂತ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಗಾಗಿ ಹೊಸ ಸಸಿಗಳು ಕಂಪೌಂಡಿನ ಅಂಚಿಗೆ, ದಫನ ಮಾಡದ ಮೂಲೆಗೆ ಇರಲಿ. ಅಕೇಶಿಯಾ ಬೇಡವೇ ಬೇಡ. ನೇರಳೆ, ಪುನರ್ಪುಳಿ, ಕಾಟುಮಾವು, ರೆಂಜೆ ಹಾಕಿದರೆ ಹಕ್ಕಿಗೂ ತಿನ್ನಲು ಸಿಗುತ್ತದೆ. ಹಕ್ಕಿ ತಿಂದದ್ದೂ ನೆಟ್ಟವನಿಗೆ ಸದಖ ಅನ್ನುವುದು ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು.

ದಫನ ಭೂಮಿಗೆ ಹೋಗದ ಮನೆಯ ಹೆಂಗಸರಿಗೂ ಇದರಲ್ಲಿ ಪಾಲಿದೆ. ಮೇ ತಿಂಗಳಲ್ಲಿ ತಿಂದ ಮಾವು, ನೇರಳೆಯ ಬೀಜವನ್ನು ಹಾಲಿನ ತೊಟ್ಟೆಗೆ ಮಣ್ಣು ತುಂಬಿ ಹಾಕಿಡಿ. ಗೇಣುದ್ದ ಆದ ಮೇಲೆ ಮಕ್ಕಳ ಕೈಯಲ್ಲಿ ಮದ್ರಸಕ್ಕೆ ಕಳಿಸಿ. ನೀರು ಹಾಕುವ ಸರದಿಗೆ ಮೊಹಲ್ಲಾದ ಯುವಕರ ಹೆಸರು ಬರೆದು ನೋಟಿಸ್ ಬೋರ್ಡಿಗೆ ಅಂಟಿಸುವುದು ಕಮಿಟಿಯವರ ಕೆಲಸ. ಡಿಸೆಂಬರ್ ಮುಗಿಯುವ ಮೊದಲು ಅದು ಆಗಬೇಕು.