ಪಕ್ಕದ ಮನೆಗೆ ಕಡಿಮೆ ಕೌನ್ಸಿಲ್ ಟ್ಯಾಕ್ಸ್ ಇದ್ದರೆ ನಿಮಗೆ ಸಾವಿರಾರು ಪೌಂಡ್ ವಾಪಸ್: ಈ ಫಾರ್ವರ್ಡ್ ಎಷ್ಟು ನಿಜ?

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ದೊಡ್ಡಮ್ಮನ ಮಗಳು ಕಳೆದ ತಿಂಗಳು ಒಂದು ವಾಟ್ಸಾಪ್ ಮೆಸೇಜ್ ಕಳಿಸಿ, "ಇದು ನಿಜಾನೇನೇ? ಸ್ವಲ್ಪ ನೋಡಿ ಹೇಳು" ಅಂದಳು. ಅಲ್ಲಿನ ಕನ್ನಡಿಗರ ಗುಂಪಿನಲ್ಲಿ ಓಡಾಡುತ್ತಿದ್ದ ಮೆಸೇಜ್ ಅದು. ತಿರುಳು ಇಷ್ಟು: ಬ್ರಿಟನ್ನಿನಲ್ಲಿ ಲಕ್ಷಾಂತರ ಮನೆಗಳು ತಪ್ಪು ಟ್ಯಾಕ್ಸ್ ಬ್ಯಾಂಡಿನಲ್ಲಿವೆ, ಪಕ್ಕದ ಮನೆಯ ಬ್ಯಾಂಡ್ ನಿಮ್ಮದಕ್ಕಿಂತ ಕಡಿಮೆ ಇದ್ದರೆ ತಕ್ಷಣ ಅರ್ಜಿ ಹಾಕಿ, 1993ರಿಂದ ಕಟ್ಟಿದ್ದೆಲ್ಲ ವಾಪಸ್ ಬರುತ್ತದೆ, ಕಳೆದುಕೊಳ್ಳುವುದೇನೂ ಇಲ್ಲ. ಕೊನೆಯಲ್ಲಿ ಒಂದು ಲಿಂಕ್, ಜೊತೆಗೆ 'ನಿಮ್ಮವರಿಗೆಲ್ಲ ಕಳಿಸಿ'.

ಇದು ಪೂರ್ತಿ ಸುಳ್ಳಲ್ಲ. ಬ್ಯಾಂಡನ್ನು ಪ್ರಶ್ನಿಸುವ ಹಕ್ಕು ಇದೆ, ಅದಕ್ಕೆ ಶುಲ್ಕವಿಲ್ಲ, ಗೆದ್ದವರಿಗೆ ಹಣ ವಾಪಸ್ ಬಂದಿರುವುದೂ ನಿಜ. ಆದರೆ 'ಕಳೆದುಕೊಳ್ಳುವುದೇನೂ ಇಲ್ಲ' ಎಂಬ ಮಾತು ತಪ್ಪು. ಆ ಲಿಂಕಂತೂ ಮುಟ್ಟಲೇಬಾರದ್ದು.

ನಮ್ಮ ಮನೆ ಕಂದಾಯದಂತಲ್ಲ

ಇಲ್ಲಿರುವ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಆಸ್ತಿ ತೆರಿಗೆ ಕಟ್ಟುವವರು ಮನೆಯ ಮಾಲೀಕರು. ಬ್ರಿಟನ್ನಿನ ಕೌನ್ಸಿಲ್ ಟ್ಯಾಕ್ಸನ್ನು ಸಾಮಾನ್ಯವಾಗಿ ಕಟ್ಟುವವರು ಅಲ್ಲಿ ವಾಸ ಇರುವವರು, ಬಾಡಿಗೆಯವರಾದರೂ ಸರಿ. ಹೋದ ವರ್ಷ ಹೋಗಿ ಇಳಿದ ನರ್ಸಿಗೂ ಸಾಫ್ಟ್‌ವೇರ್ ಹುಡುಗನಿಗೂ ಬಾಡಿಗೆ ಕರಾರಿನ ಹಿಂದೆಯೇ ಈ ಬಿಲ್ ಬರುತ್ತದೆ. ಬೆಂಗಳೂರಿನಲ್ಲಿ ಮಾಲೀಕರೇ ಅಳತೆ ಹಾಕಿ, ಲೆಕ್ಕ ಮಾಡಿ ಘೋಷಿಸಿಕೊಳ್ಳುತ್ತಾರೆ. ಅಲ್ಲಿ ಮನೆಯನ್ನು ಬ್ಯಾಂಡಿಗೆ ಸೇರಿಸುವುದು ಸರ್ಕಾರದ ಮೌಲ್ಯಮಾಪಕರ ಕೆಲಸ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವರನ್ನು ವ್ಯಾಲ್ಯುಯೇಶನ್ ಆಫೀಸ್ ಏಜೆನ್ಸಿ, ಚಿಕ್ಕದಾಗಿ ವಿಒಎ, ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅಸೆಸರ್‌ಗಳಿದ್ದಾರೆ. ಉತ್ತರ ಐರ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸೇ ಇಲ್ಲ, ಬೇರೆ ಪದ್ಧತಿ ಇದೆ. ಫಾರ್ವರ್ಡ್ ಇದನ್ನೆಲ್ಲ ಒಂದೇ ಚೀಲಕ್ಕೆ ತುಂಬಿದೆ.

ಹಾಗಾದರೆ ಸ್ಥಳೀಯ ಕೌನ್ಸಿಲ್ ಮಾಡುವುದೇನು? ದರ ನಿಗದಿ ಮಾಡಿ ಹಣ ವಸೂಲಿ ಮಾಡುತ್ತದೆ, ಅಷ್ಟೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಡಿ ಬ್ಯಾಂಡಿನ ಮನೆಗೆ ಬರುವ ಬಿಲ್, ನಾಟಿಂಗ್‌ಹ್ಯಾಮ್‌ನಲ್ಲಿ ಅದೇ ಬ್ಯಾಂಡಿಗೆ ಬರುವುದರ ಅರ್ಧಕ್ಕಿಂತ ಕಡಿಮೆ. 'ಲಂಡನ್ನಿನಲ್ಲಿರುವ ಗೆಳೆಯನಿಗಿಂತ ನನಗೆ ಜಾಸ್ತಿ ಬಂದಿದೆ, ಬ್ಯಾಂಡ್ ತಪ್ಪಿರಬೇಕು' ಎಂಬ ತರ್ಕ ಅಲ್ಲೇ ಬಿದ್ದುಹೋಗುತ್ತದೆ. ಬಿಲ್ ಜಾಸ್ತಿ ಇರುವುದು ಬೇರೆ, ಬ್ಯಾಂಡ್ ತಪ್ಪಿರುವುದು ಬೇರೆ.

1991ರಲ್ಲಿ ನಿಂತ ಗಡಿಯಾರ

ಇಡೀ ಗೊಂದಲದ ಬೇರು ಒಂದು ತಾರೀಖಿನಲ್ಲಿದೆ: 1991ರ ಏಪ್ರಿಲ್ 1.

ಮಾರ್ಗರೆಟ್ ಥ್ಯಾಚರ್ ಸರ್ಕಾರ ತಂದ ತಲೆಗಂದಾಯ, ಅಂದರೆ 'ಪೋಲ್ ಟ್ಯಾಕ್ಸ್', 1990ರಲ್ಲಿ ಲಂಡನ್ನಿನ ಬೀದಿಗಳಲ್ಲಿ ಗಲಭೆಯನ್ನೇ ಎಬ್ಬಿಸಿತ್ತು. ಅದನ್ನು ತೆಗೆದು ಅದರ ಜಾಗದಲ್ಲಿ 1993ರ ಏಪ್ರಿಲ್‌ನಿಂದ ಕೌನ್ಸಿಲ್ ಟ್ಯಾಕ್ಸ್ ಜಾರಿಯಾಯಿತು. ಅದಕ್ಕಾಗಿ ದೇಶದ ಪ್ರತಿ ಮನೆಗೂ ಬೆಲೆ ಕಟ್ಟಬೇಕಿತ್ತು, ಅದೂ ಅವಸರದಲ್ಲಿ. ಖಾಸಗಿ ಎಸ್ಟೇಟ್ ಏಜೆಂಟರನ್ನೂ ಹಚ್ಚಿದರು. ಅನೇಕ ಕಡೆ ಮನೆಯೊಳಗೆ ಹೋಗಿ ನೋಡಲೇ ಇಲ್ಲ; ಕಾರಿನಲ್ಲಿ ಬೀದಿ ಉದ್ದಕ್ಕೂ ಸಾಗುತ್ತ ಕಿಟಕಿಯಿಂದಲೇ ನೋಡಿ ಬ್ಯಾಂಡ್ ಬರೆದುಕೊಂಡರು. 'ಸೆಕೆಂಡ್ ಗೇರ್ ಮೌಲ್ಯಮಾಪನ' ಎಂದು ಜನ ಇವತ್ತಿಗೂ ತಮಾಷೆ ಮಾಡುತ್ತಾರೆ. ತಪ್ಪುಗಳು ಉಳಿದಿವೆ ಎಂಬ ಮಾತಿಗೆ ಆಧಾರ ಇದು.

ಇಂಗ್ಲೆಂಡಿನ ಪಟ್ಟಿ ಹೀಗಿದೆ. 1991ರ ಬೆಲೆ 40,000 ಪೌಂಡ್‌ವರೆಗೆ ಇದ್ದರೆ ಎ, 52,000ದವರೆಗೆ ಬಿ, 68,000ದವರೆಗೆ ಸಿ, 88,000ದವರೆಗೆ ಡಿ, 1,20,000ದವರೆಗೆ ಇ, 1,60,000ದವರೆಗೆ ಎಫ್, 3,20,000ದವರೆಗೆ ಜಿ, ಅದರ ಮೇಲೆ ಎಚ್. ಸ್ಕಾಟ್ಲೆಂಡಿಗೂ 1991ರದೇ ಬೆಲೆ, ಆದರೆ ಮಿತಿಗಳು ಬೇರೆ. ವೇಲ್ಸ್ ಮಾತ್ರ 2003ರ ಬೆಲೆಯ ಮೇಲೆ ಹೊಸ ಪಟ್ಟಿ ಮಾಡಿ 2005ರಲ್ಲಿ ಜಾರಿಗೆ ತಂದಿತು. ಕೆಳಗಿಳಿದ ಮನೆಗಳಿಗಿಂತ ಮೇಲೇರಿದ ಮನೆಗಳೇ ಹೆಚ್ಚಾದವು, ಜನ ಕೂಗಾಡಿದರು. ಇಂಗ್ಲೆಂಡಿನಲ್ಲಿ 2007ಕ್ಕೆಂದು ಗೊತ್ತುಮಾಡಿದ್ದ ಮರುಮೌಲ್ಯಮಾಪನವನ್ನು ಸರ್ಕಾರ 2005ರಲ್ಲೇ ಮುಂದೂಡಿತು. ಇವತ್ತಿಗೂ ಅದು ಆಗಿಲ್ಲ. ಕೈ ಹಾಕಿದರೆ ಸುಡುತ್ತದೆ ಎಂದು ಎಲ್ಲ ಪಕ್ಷಗಳಿಗೂ ಗೊತ್ತಿದೆ ಎಂದು ನನ್ನ ಅನಿಸಿಕೆ.

ಇದರಿಂದ ವಿಚಿತ್ರಗಳೂ ಹುಟ್ಟುತ್ತವೆ. 2018ರಲ್ಲಿ ಕಟ್ಟಿದ ಫ್ಲ್ಯಾಟಿಗೂ 1991ರ ಬೆಲೆಯನ್ನೇ ಊಹಿಸುತ್ತಾರೆ, ಆಗ ಆ ಜಾಗದಲ್ಲಿ ಹಳೆಯ ಕಾರ್ಖಾನೆ ಇದ್ದಿದ್ದರೂ ಸರಿ. ನಿಮ್ಮ ಮನೆಯ ಬೆಲೆ ಈಗ ಎಷ್ಟು, ಹೋದ ವರ್ಷ ಎಷ್ಟು ಇಳಿಯಿತು ಎನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ.

ಅಕ್ಕನ ಮನೆಯ ಲೆಕ್ಕ

ಅಕ್ಕನದು 1930ರ ದಶಕದ ಮನೆ, ಒಂದು ಗೋಡೆಯನ್ನು ಪಕ್ಕದವರೊಡನೆ ಹಂಚಿಕೊಂಡ ಜೋಡಿ ಮನೆ. 2021ರಲ್ಲಿ ಕೊಂಡದ್ದು. ಅವಳದು ಡಿ ಬ್ಯಾಂಡ್. ಪಕ್ಕದವರದು, ಎದುರಿನವರದು, ಬೀದಿಯ ಬಹುಪಾಲು ಮನೆಗಳದು ಸಿ. ಇದನ್ನು ತಿಳಿಯಲು ಯಾರ ಬಾಗಿಲೂ ತಟ್ಟಬೇಕಿಲ್ಲ. ಸರ್ಕಾರದ ಗವ್.ಯುಕೆ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಬೀದಿಯ ಎಲ್ಲ ಮನೆಗಳ ಬ್ಯಾಂಡ್ ಕಾಣುತ್ತದೆ. ಸ್ಕಾಟ್ಲೆಂಡಿನವರಿಗೆ ಅಸೆಸರ್‌ಗಳ ಜಾಲತಾಣ ಇದೆ.

ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ: ಪಕ್ಕದವರಿಗೆ ಕಡಿಮೆ, ಆದ್ದರಿಂದ ಅರ್ಜಿ ಹಾಕಿ. ಆದರೆ ಎರಡನೇ ಪರೀಕ್ಷೆ ಮಾಡದೆ ಹೆಜ್ಜೆ ಇಡಬಾರದು ಎಂದು, ಈ ವಿಷಯವನ್ನು ಅಲ್ಲಿ ಜನಪ್ರಿಯಗೊಳಿಸಿದ ಪತ್ರಕರ್ತ ಮಾರ್ಟಿನ್ ಲೂಯಿಸ್ ಕೂಡ ಹೇಳುತ್ತ ಬಂದಿದ್ದಾರೆ. ಆ ಪರೀಕ್ಷೆ ಎಂದರೆ ನಿಮ್ಮ ಮನೆಗೆ 1991ರಲ್ಲಿ ಎಷ್ಟು ಬೆಲೆ ಬರುತ್ತಿತ್ತು ಎಂದು ಅಂದಾಜು ಮಾಡುವುದು. ಭೂ ನೋಂದಣಿ ಇಲಾಖೆಯಲ್ಲಿ 1995ರಿಂದ ಈಚಿನ ಮಾರಾಟ ಬೆಲೆಗಳು ಸಿಗುತ್ತವೆ. ಅದನ್ನು ನೇಷನ್‌ವೈಡ್ ಸಂಸ್ಥೆಯ ಮನೆ ಬೆಲೆ ಸೂಚ್ಯಂಕದ ಕ್ಯಾಲ್ಕುಲೇಟರಿಗೆ ಹಾಕಿ 1991ಕ್ಕೆ ಹಿಂದಕ್ಕೆ ತಂದರೆ ಸುಮಾರು ಬೆಲೆ ತಿಳಿಯುತ್ತದೆ.

ಅಕ್ಕನ ಮನೆಗೆ ಬಂದದ್ದು ಸುಮಾರು 74,000. ಅಂದರೆ ಡಿ ಬ್ಯಾಂಡೇ ಸರಿ. ಹಾಗಾದರೆ ಬೀದಿಯವರೆಲ್ಲ ತಪ್ಪು ಬ್ಯಾಂಡಿನಲ್ಲಿದ್ದಾರೆಯೇ?

ಇಲ್ಲ. ಅವಳಿಗೆ ಮನೆ ಮಾರಿದವರು ಹಿಂಬದಿಗೆ ಅಡುಗೆಮನೆ ವಿಸ್ತರಿಸಿ, ಮೇಲೆ ಅಟ್ಟವನ್ನು ಕೋಣೆ ಮಾಡಿದ್ದರು. ಬ್ರಿಟನ್ನಿನ ನಿಯಮದ ಪ್ರಕಾರ ಮನೆ ದೊಡ್ಡದು ಮಾಡಿದ ಕೂಡಲೇ ಬ್ಯಾಂಡ್ ಏರುವುದಿಲ್ಲ. ಮನೆ ಮಾರಾಟವಾದಾಗ ಮರುಪರಿಶೀಲನೆ ಆಗುತ್ತದೆ, ಏರಿಕೆ ಬೀಳುವುದು ಹೊಸಬರ ತಲೆಗೆ. ಎದುರು ಮನೆಯವರೂ ಅಷ್ಟೇ ವಿಸ್ತರಿಸಿದ್ದಾರೆ, ಆದರೆ ಮಾರಿಲ್ಲ. ಅವರು ಸಿ ಬ್ಯಾಂಡಿನಲ್ಲೇ ಆರಾಮವಾಗಿದ್ದಾರೆ. "ಇದ್ಯಾವ ನ್ಯಾಯ?" ಅಂದಳು ಅಕ್ಕ. ನನಗೂ ನ್ಯಾಯ ಅನಿಸಲಿಲ್ಲ, ಆದರೆ ಕಾನೂನು ಹಾಗಿದೆ.

ಅರ್ಜಿ ಹಾಕಿದರೆ ಏನಾಗಬಹುದು?

ಮೌಲ್ಯಮಾಪಕರು ಬ್ಯಾಂಡನ್ನು ಇಳಿಸಬಹುದು, ಇದ್ದಂತೆ ಬಿಡಬಹುದು, ಏರಿಸಲೂಬಹುದು. ಅಷ್ಟೇ ಅಲ್ಲ, ಅಕ್ಕಪಕ್ಕದ ಮನೆಗಳ ಬ್ಯಾಂಡ್ ತುಂಬಾ ಕಡಿಮೆಯಿದೆ ಎಂದು ಕಂಡರೆ ಅವನ್ನೂ ಮೇಲಕ್ಕೆ ತಳ್ಳಬಹುದು. ಒಬ್ಬರ ಅರ್ಜಿ ಬೀದಿಯವರ ಬಿಲ್ ಏರಿಸಿತು ಎಂದರೆ ಅಲ್ಲಿ ಮುಂದೆ ಬಾಳುವುದು ಹೇಗೆ?

ಏರಿಳಿತದ ಮೊತ್ತ ಸಣ್ಣದಲ್ಲ. ಡಿ ಬ್ಯಾಂಡನ್ನು ಒಂಬತ್ತು ಪಾಲು ಎಂದುಕೊಂಡರೆ ಎ ಆರು ಪಾಲು, ಬಿ ಏಳು, ಸಿ ಎಂಟು. ಮೇಲಕ್ಕೆ ಇ ಹನ್ನೊಂದು, ಎಚ್ ಹದಿನೆಂಟು. ಒಂದು ಊರಿನಲ್ಲಿ ಡಿ ಬ್ಯಾಂಡಿಗೆ ವರ್ಷಕ್ಕೆ 2,250 ಪೌಂಡ್ ಇದೆ ಅಂದುಕೊಳ್ಳಿ. ಡಿ ಇಂದ ಸಿಗೆ ಇಳಿದರೆ ವರ್ಷಕ್ಕೆ 250 ಉಳಿಯುತ್ತದೆ. ಇ ಗೆ ಏರಿದರೆ 500 ಹೆಚ್ಚುತ್ತದೆ. ತಪ್ಪು ತಿದ್ದಲು ಬ್ಯಾಂಡ್ ಏರಿಸಿದಾಗ ಸಾಮಾನ್ಯವಾಗಿ ಅಂದಿನಿಂದ ಮುಂದಕ್ಕಷ್ಟೇ ಕಟ್ಟಬೇಕು, ಹಳೆಯ ಬಾಕಿ ಬೀಳುವುದಿಲ್ಲ. ಇಳಿಸಿದರೆ ನೀವು ಆ ಮನೆಯಲ್ಲಿ ಕಟ್ಟಿದ ಅವಧಿಗೆ ವಾಪಸ್ ಸಿಗುತ್ತದೆ. '1993ರಿಂದ' ಎನ್ನುವುದು ಆಗಿನಿಂದಲೂ ಅದೇ ಮನೆಯಲ್ಲಿರುವವರಿಗೆ ಮಾತ್ರ. 2021ರಲ್ಲಿ ಬಂದವರಿಗೆ 2021ರಿಂದ.

ಎರಡೂ ಪರೀಕ್ಷೆ ನಿಮ್ಮ ಪರವಾಗಿ ಬಂದರೆ, ಅಂದರೆ ಅದೇ ಕಾಲದ, ಅದೇ ಅಳತೆಯ, ಅದೇ ಬಗೆಯ ಮನೆಗಳು ಕೆಳಗಿನ ಬ್ಯಾಂಡಿನಲ್ಲಿವೆ, 1991ರ ಅಂದಾಜು ಬೆಲೆಯೂ ಅದನ್ನೇ ಹೇಳುತ್ತದೆ ಎಂದಾದರೆ, ಖಂಡಿತ ಕೇಳಿ. ಇಂಗ್ಲೆಂಡಿನಲ್ಲಿ ನೀವು ಆ ಮನೆಗೆ ಮೊದಲ ಬಾರಿ ತೆರಿಗೆದಾರರಾಗಿ ಆರು ತಿಂಗಳು ಮೀರಿಲ್ಲದಿದ್ದರೆ, ಅಥವಾ ವಿಒಎ ನಿಮ್ಮ ಬ್ಯಾಂಡ್ ಬದಲಿಸಿ ಆರು ತಿಂಗಳಾಗಿಲ್ಲದಿದ್ದರೆ, ವಿಧಿವತ್ತಾಗಿ ಆಕ್ಷೇಪಣೆ ಸಲ್ಲಿಸಬಹುದು. ಅದು ತಿರಸ್ಕೃತವಾದರೆ ಮೂರು ತಿಂಗಳೊಳಗೆ ಸ್ವತಂತ್ರ ನ್ಯಾಯಮಂಡಳಿಗೆ ಹೋಗಬಹುದು, ಅಲ್ಲೂ ಶುಲ್ಕವಿಲ್ಲ. ಮನೆಯ ಒಂದು ಭಾಗ ಕೆಡವಿದ್ದರೆ, ಒಂದು ಮನೆ ಎರಡಾಗಿದ್ದರೆ ಆರು ತಿಂಗಳ ಲೆಕ್ಕ ಅಡ್ಡಬರುವುದಿಲ್ಲ. ಉಳಿದವರು ಸಾಕ್ಷ್ಯ ಕೊಟ್ಟು ಬ್ಯಾಂಡ್ ಮರುಪರಿಶೀಲಿಸಿ ಎಂದು ಕೇಳಬಹುದು.

ಸಾಕ್ಷ್ಯ ಎಂದೆನಲ್ಲ, ಇಲ್ಲೇ ಬಹಳ ಜನ ಎಡವುತ್ತಾರೆ. ನೇಷನ್‌ವೈಡ್ ಸೂಚ್ಯಂಕ, ರೈಟ್‌ಮೂವ್, ಜೂಪ್ಲಾಗಳ ಸರಾಸರಿ ಬೆಲೆಗಳನ್ನು ವಿಒಎ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಅವು ನಿಮ್ಮ ಸ್ವಂತ ತಿಳಿವಳಿಕೆಗೆ ಮಾತ್ರ. ಅವರಿಗೆ ಬೇಕಾದ್ದು ನಿಮ್ಮದರಂಥದೇ ಮನೆಗಳ ವಿಳಾಸ, ಹೆಚ್ಚೆಂದರೆ ಐದು, ಮತ್ತು ಅವುಗಳ ಬ್ಯಾಂಡ್. ಇಲ್ಲವೇ 1989ರ ಏಪ್ರಿಲ್‌ನಿಂದ 1993ರ ಮಾರ್ಚ್‌ವರೆಗಿನ ಮಾರಾಟದ ಬೆಲೆ. ಅರ್ಜಿ ತೀರ್ಮಾನವಾಗುವ ತನಕ ಈಗಿನ ಬಿಲ್ಲನ್ನು ಕಟ್ಟುತ್ತಲೇ ಇರಬೇಕು.

ಆ ಲಿಂಕ್

ಈ ಕೆಲಸವೆಲ್ಲ ಉಚಿತ, ಬ್ಯಾಂಕ್ ವಿವರ ಕೇಳುವ ಹಂತ ಮೊದಲಿಗೆ ಬರುವುದೇ ಇಲ್ಲ. 'ನಿಮಗೆ ಇಷ್ಟು ಪೌಂಡ್ ರೀಫಂಡ್ ಬಾಕಿ ಇದೆ, ಕಾರ್ಡ್ ನಂಬರ್ ಹಾಕಿ' ಎಂಬ ಮೆಸೇಜ್, ಇಮೇಲ್, ಫೋನ್ ಕರೆ ಬಂದರೆ ಅದು ಮೋಸ. ಅಲ್ಲಿನ ಕೌನ್ಸಿಲ್‌ಗಳು ಇದನ್ನು ಎಷ್ಟೋ ಸಲ ಎಚ್ಚರಿಸಿವೆ. ಇನ್ನು ಸಿಕ್ಕ ಹಣದಲ್ಲಿ ಪಾಲು ಕೊಡಿ ಎಂದು ಬರುವ ಏಜೆಂಟರು ಮೋಸಗಾರರೇ ಆಗಿರಬೇಕಿಲ್ಲ, ಆದರೆ ಅವರು ತುಂಬುವ ಫಾರಂ ನೀವೇ ತುಂಬಬಹುದಾದದ್ದು.

ಗುಂಪಿನವರಿಗೆ ನಿಜಕ್ಕೂ ಬೇಕಿದ್ದ ಸುದ್ದಿ

ಕನ್ನಡಿಗರ ಗುಂಪಿನಲ್ಲಿ ಹೊಸದಾಗಿ ಹೋದ ಬಾಡಿಗೆಯವರು ಬಹಳ. ಅವರಿಗೆ ಬ್ಯಾಂಡಿಗಿಂತ ರಿಯಾಯಿತಿ ಮುಖ್ಯ. ಮನೆಯಲ್ಲಿ ಲೆಕ್ಕಕ್ಕೆ ಬರುವ ವಯಸ್ಕರು ಒಬ್ಬರೇ ಇದ್ದರೆ ಶೇ 25 ಕಡಿತ ಸಿಗುತ್ತದೆ. ಪೂರ್ಣಾವಧಿ ವಿದ್ಯಾರ್ಥಿಗಳು ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಗಂಡ ಕೆಲಸದಲ್ಲಿದ್ದು ಹೆಂಡತಿ ಓದುತ್ತಿದ್ದರೂ ಕಡಿತ ಸಿಗಬಹುದು. ಎಲ್ಲರೂ ವಿದ್ಯಾರ್ಥಿಗಳಾದರೆ ತೆರಿಗೆಯೇ ಇಲ್ಲ. ಅಂಗವಿಕಲರಿಗಾಗಿ ಹೆಚ್ಚುವರಿ ಸ್ನಾನದ ಮನೆ, ಗಾಲಿಕುರ್ಚಿಗೆ ಜಾಗ ಮಾಡಿದ ಮನೆಗೆ ಒಂದು ಬ್ಯಾಂಡ್ ಕೆಳಗಿನ ದರ.

ಇವಕ್ಕೆ ಅರ್ಜಿ ಹಾಕಲು ನಮ್ಮವರು ಹೆದರುವುದಕ್ಕೂ ಒಂದು ಕಾರಣವಿದೆ. ವೀಸಾದ ಮೇಲೆ 'ಸಾರ್ವಜನಿಕ ನಿಧಿ ಬಳಸುವಂತಿಲ್ಲ' ಎಂಬ ಷರತ್ತು ಇರುತ್ತದೆ. ಅಕ್ಕನ ಪರಿಚಯದ ಒಬ್ಬ ನರ್ಸ್ ಒಂಟಿಯಾಗಿದ್ದರೂ ಇದೇ ಭಯಕ್ಕೆ ಎರಡು ವರ್ಷ ಪೂರ್ತಿ ಬಿಲ್ ಕಟ್ಟಿದ್ದರಂತೆ. ಇಲ್ಲಿ ಎರಡು ಬೇರೆ ಸಂಗತಿಗಳಿವೆ. ಆದಾಯ ಕಡಿಮೆ ಇರುವವರಿಗೆ ಕೊಡುವ 'ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್' ಸಾರ್ವಜನಿಕ ನಿಧಿಯ ಪಟ್ಟಿಯಲ್ಲಿದೆ. ಷರತ್ತು ಇರುವವರು ಅದನ್ನು ಕೇಳಿದರೆ ವೀಸಾಕ್ಕೆ ತೊಂದರೆ ಆದೀತು. ಒಬ್ಬರೇ ಇರುವವರ ಶೇ 25 ಕಡಿತ ಆ ಪಟ್ಟಿಯಲ್ಲಿಲ್ಲ, ಅದನ್ನು ಧೈರ್ಯವಾಗಿ ಪಡೆಯಬಹುದು. ಎರಡರ ಹೆಸರೂ ಹತ್ತಿರ ಹತ್ತಿರ ಇರುವುದರಿಂದ, ಫಾರಂ ತುಂಬುವಾಗ ಯಾವುದನ್ನು ಕೇಳುತ್ತಿದ್ದೀರಿ ಎಂದು ಎರಡು ಸಲ ನೋಡಿಕೊಳ್ಳಿ.

ಅಕ್ಕ ಬ್ಯಾಂಡಿನ ಅರ್ಜಿ ಹಾಕಲಿಲ್ಲ. ನರ್ಸ್ ತಮ್ಮ ಕೌನ್ಸಿಲ್ಲಿಗೆ ಬಾಡಿಗೆ ಕರಾರಿನ ಪ್ರತಿ ಕಳಿಸಿ, ಕಡಿತವನ್ನು ಹಿಂದಿನ ಎರಡು ವರ್ಷಕ್ಕೂ ಅನ್ವಯಿಸಿ ಎಂದು ಕೇಳಿದ್ದಾರೆ. ಉತ್ತರ ಇನ್ನೂ ಬರಬೇಕು.