ಆರೋಗ್ಯವಂತನಿಗೆ ಜೀವಸತ್ವದ ಗುಳಿಗೆ ಬೇಕೆ?

ಪರೀಕ್ಷೆ ಹತ್ತಿರ ಬಂದೊಡನೆ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಕೆಲವರು ಔಷಧದಂಗಡಿಯಿಂದ ಜೀವಸತ್ವದ ಗುಳಿಗೆಗಳನ್ನು ಕೊಂಡು ತರುವುದುಂಟು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಂದ ತಂದೆತಾಯಿಗಳು ಕಳುಹಿಸಿದ ಹಣ ಹಾಲುಹಣ್ಣಿಗೆ ಹೋಗದೆ ಗುಳಿಗೆಗೆ ಹೋಗುತ್ತದೆ. ಇದು ಅನಾವಶ್ಯಕವೆಂದು ನನ್ನ ಅಭಿಪ್ರಾಯ.

ಜೀವಸತ್ವಗಳೇ ಬೇಡವೆಂದು ಯಾರೂ ಹೇಳಲಾರರು. ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳಿಗೆ ಬೆರಿಬೆರಿಯಂತಹ ರೋಗ ಬರುವುದನ್ನು 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಕಂಡರು. 1912ರಲ್ಲಿ ಫುಂಕ್ ಇಂತಹ ಸತ್ವಗಳಿಗೆ ‘ವಿಟಮಿನ್’ ಎಂಬ ಹೆಸರನ್ನಿತ್ತರು. ಆದರೆ ಆ ಕೋಳಿಗಳು ಗುಣವಾದುದು ತೌಡು ಉಳಿದಿದ್ದ ಅಕ್ಕಿಯಿಂದ ಎಂಬುದನ್ನು ಮರೆಯಬಾರದು.

ಸ್ವಲ್ಪ ಒಳ್ಳೆಯದಾದರೆ ಹೆಚ್ಚು ಇನ್ನೂ ಒಳ್ಳೆಯದೆಂಬ ತರ್ಕವೂ ಸಲ್ಲದು. ‘ಸಿ’ ಜೀವಸತ್ವ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ‘ಎ’, ‘ಡಿ’ಗಳು ದೇಹದಲ್ಲಿಯೇ ಕೂಡಿಕೊಂಡು ಕೇಡು ಮಾಡಬಲ್ಲವು. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೀಟಾ ಕ್ಯಾರೊಟೀನ್ ಗುಳಿಗೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವುದಿರಲಿ, ಶೇಕಡ 18ರಷ್ಟು ಹೆಚ್ಚಾಯಿತು.

ನಮ್ಮ ಸೀಮೆಯ ಊಟವಾದರೂ ಬಡವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ನುಗ್ಗೆಸೊಪ್ಪಿನಲ್ಲಿ ‘ಎ’ ಜೀವಸತ್ವದ ಮೂಲವಸ್ತುವಿದೆ, ಪಾವಗಡದ ಕಡಲೇಕಾಯಿಯಲ್ಲಿ ‘ಬಿ’ ವರ್ಗದವು ಇವೆ. ಮುದ್ದೆ, ಹುರುಳಿಸಾರು, ಸೊಪ್ಪು, ಮಜ್ಜಿಗೆ, ಒಂದು ಹೋಳು ನಿಂಬೆ ದಿನವೂ ಸಿಕ್ಕಿದರೆ ಆರೋಗ್ಯವಂತನಿಗೆ ಗುಳಿಗೆಯ ಹಂಗೇಕೆ? ಬರಿಹೊಟ್ಟೆಯಲ್ಲಿ ಮೊದಲ ಬಸ್ಸು ಹಿಡಿದು ಬಂದು ತರಗತಿಯಲ್ಲಿ ತೂಕಡಿಸುವವನಿಗೆ ಬೇಕಾದುದು ತಿಂಡಿ ಮತ್ತು ನಿದ್ರೆ.

“ಎಲ್ಲರೂ ಆರೋಗ್ಯವಂತರೆ?” ಎಂದು ಅಧ್ಯಾಪಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ. ಅಂಥವರಿಗೆ, ಗರ್ಭಿಣಿಯರಿಗೆ ವೈದ್ಯರು ಹೇಳಿದ ಕಬ್ಬಿಣಾಂಶದ ಗುಳಿಗೆ ಬೇಕೇ ಬೇಕು. ಹಾಲು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದವರಿಗೆ ‘ಬಿ-12’ ಬೇಕಾಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಸರ್ಕಾರ ವಾರಕ್ಕೊಂದರಂತೆ ಧರ್ಮಾರ್ಥವಾಗಿ ಕೊಡುತ್ತಿದ್ದ ಕಬ್ಬಿಣಾಂಶದ ಗುಳಿಗೆಯನ್ನು ಕಿಟಕಿಯಾಚೆ ಎಸೆದವರನ್ನು ಕಂಡಿದ್ದೇನೆ. ಅಗತ್ಯವುಳ್ಳವರು ಉಚಿತವಾದುದನ್ನು ಎಸೆಯುವುದು, ಅಗತ್ಯವಿಲ್ಲದವರು ಸಾಲ ಮಾಡಿ ಕೊಳ್ಳುವುದು: ನಮ್ಮ ದುರವಸ್ಥೆ ಇದು.

ಆದುದರಿಂದ, ಮಿತ್ರರೇ, ಆಯಾಸವೆನಿಸಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿಕೊಳ್ಳೋಣ. ಕೊರತೆ ಕಂಡರೆ ಸಂಕೋಚವಿಲ್ಲದೆ ಗುಳಿಗೆ ನುಂಗೋಣ. ಇಲ್ಲವಾದರೆ ಆ ಹಣದಿಂದ ಸೊಪ್ಪು, ಹಣ್ಣು ಕೊಳ್ಳೋಣ.