ಮುರಿದ ಕೈಗಳ ನಿರ್ದೇಶಕ

ಅಮೆರಿಕದ ಚಿತ್ರಮಂದಿರಗಳಿಗೆ ಕುಂಗ್‌ಫು ಹುಚ್ಚು ಹಿಡಿಸಿದ್ದು ಬ್ರೂಸ್ ಲೀ ಎಂದೇ ನಮ್ಮಲ್ಲಿ ಬಹಳ ಜನರ ನಂಬಿಕೆ. ಆತನ ‘ಎಂಟರ್ ದಿ ಡ್ರ್ಯಾಗನ್’ ತೆರೆಕಂಡದ್ದು 1973ರ ಆಗಸ್ಟಿನಲ್ಲಿ. ಅದೇ ವರ್ಷದ ಮಾರ್ಚಿನಲ್ಲೇ ವಾರ್ನರ್ ಬ್ರದರ್ಸ್ ಸಂಸ್ಥೆ ಹಾಂಕಾಂಗಿನ ಶಾ ಬ್ರದರ್ಸ್ ಚಿತ್ರವೊಂದನ್ನು ‘ಫೈವ್ ಫಿಂಗರ್ಸ್ ಆಫ್ ಡೆತ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿತ್ತು. ಜನ ಮುಗಿಬಿದ್ದು ನೋಡಿದರು. ಹಿಂದಿನ ವರ್ಷ ಹಾಂಕಾಂಗಿನಲ್ಲಿ ‘ಕಿಂಗ್ ಬಾಕ್ಸರ್’ ಎಂದು ಬಂದಿದ್ದ ಈ ಚಿತ್ರದ ನಿರ್ದೇಶಕರು ಚೀನಾದವರಲ್ಲ, ಕೊರಿಯಾದವರು. ಹೆಸರು ಜಂಗ್ ಚಾಂಗ್ ಹ್ವಾ.

1928ರಲ್ಲಿ ಹುಟ್ಟಿದ ಜಂಗ್ ಬೆಳೆದದ್ದು ಜಪಾನಿನ ಆಳ್ವಿಕೆಯಲ್ಲಿ. ಮೊದಲ ಚಿತ್ರ ಮಾಡಿದ್ದು 1953ರಲ್ಲಿ, ಕೊರಿಯಾ ಯುದ್ಧ ನಿಂತ ವರ್ಷ. ಆ ದಿನಗಳ ಸೋಲ್ ನಗರದ ಚಿತ್ರರಂಗಕ್ಕೆ ಕಣ್ಣೀರಿನ ಕತೆಗಳೇ ಜೀವಾಳ. ಜಂಗ್ ಪಳಗಿದ್ದು ಅದರಲ್ಲೇ. 1961ರ ‘ಹೊರೈಜನ್’ ಚಿತ್ರದಲ್ಲಿ ಅವರು ಕುದುರೆ, ಬಂದೂಕುಗಳನ್ನು ಮಂಚೂರಿಯಾದ ಬಯಲಿಗೆ ಒಯ್ದರು. ಮುಂದೆ ಕೊರಿಯಾದಲ್ಲಿ ಅಂಥ ಚಿತ್ರಗಳ ಸಾಲೇ ಬಂತು. 2002ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಗೆದ್ದ ಇಮ್ ಕ್ವೋನ್ ತೇಕ್ ಕಸುಬು ಕಲಿತದ್ದು ಇದೇ ಜಂಗ್ ಅವರ ಸಹಾಯಕರಾಗಿ.

ಅರವತ್ತರ ದಶಕದ ಕೊನೆಗೆ ಶಾ ಬ್ರದರ್ಸ್ ಸಂಸ್ಥೆ ಜಂಗ್ ಅವರನ್ನು ಕರೆಸಿಕೊಂಡಿತು. ಜಪಾನಿನಿಂದಲೂ ನಿರ್ದೇಶಕರನ್ನು ತರಿಸಿಕೊಳ್ಳುತ್ತಿದ್ದ ಸಂಸ್ಥೆಯದು. ಒಂದರ ಹಿಂದೊಂದು ಚಿತ್ರ ಹೊರಬೀಳಲೇಬೇಕಾದ ಆ ದೊಡ್ಡ ಸ್ಟುಡಿಯೋದಲ್ಲಿ ವೇಗವಾಗಿ, ಅಚ್ಚುಕಟ್ಟಾಗಿ ಕೆಲಸ ಮುಗಿಸುವವರಿಗೆ ಬೆಲೆಯಿತ್ತು. ಅಲ್ಲಿ ಕೆಲವು ಚಿತ್ರ ಮಾಡಿದ ಮೇಲೆ ಬಂದದ್ದು ‘ಕಿಂಗ್ ಬಾಕ್ಸರ್’.

ಆ ಚಿತ್ರದ ಮಾತು ಬಂದಾಗಲೆಲ್ಲ ನಾಯಕನ ಕೆಂಪಗೆ ಹೊಳೆಯುವ ಅಂಗೈಯನ್ನೇ ಎಲ್ಲರೂ ನೆನೆಯುತ್ತಾರೆ. ನನಗೆ ಮುಖ್ಯವೆನಿಸುವುದು ಆ ಹೊಳಪಿಗೆ ಮೊದಲಿನ ಭಾಗ. ಲೋ ಲಿಯೆ ನಟಿಸಿದ ಚಾವ್ ಹೊಸ ಗುರುವಿನ ಬಳಿ ಬಂದಾಗ ಸಿಗುವುದು ವಿದ್ಯೆಯಲ್ಲ, ಅಡುಗೆಮನೆಯ ಚಾಕರಿ. ಕೊನೆಗೊಮ್ಮೆ ವಿದ್ಯೆ ಕೈಗೂಡಿತೆನ್ನುವಾಗ ಸಹಪಾಠಿಯ ಹೊಟ್ಟೆಕಿಚ್ಚಿನಿಂದ ಶತ್ರುಗಳ ಕೈಗೆ ಸಿಕ್ಕು, ಎರಡೂ ಕೈಗಳನ್ನು ಜಜ್ಜಿಸಿಕೊಳ್ಳುತ್ತಾನೆ. ಮುಂದಿನ ದೃಶ್ಯದಲ್ಲೇ ಅವನನ್ನು ಎಬ್ಬಿಸಿ ಸೇಡಿಗೆ ಕಳಿಸಿಬಿಡಬಹುದಿತ್ತು. ಜಂಗ್ ಹಾಗೆ ಮಾಡುವುದಿಲ್ಲ. ಬಟ್ಟೆ ಸುತ್ತಿದ ಆ ಕೈಗಳನ್ನು, ತನ್ನಿಂದ ಇನ್ನೇನೂ ಆಗದೆಂದು ಕುಗ್ಗಿಹೋದವನ ಮುಖವನ್ನು ನಾವು ನೋಡುತ್ತಲೇ ಇರಬೇಕಾಗುತ್ತದೆ. ದ್ರೋಹ ಬಗೆದ ಸಹಪಾಠಿಯನ್ನೂ ಅವರು ಬರೀ ಖಳನಾಗಿ ಬಿಡುವುದಿಲ್ಲ. ತಾನು ಸೇರಿಕೊಂಡವರೇ ಅವನ ಕಣ್ಣು ಕಿತ್ತುಹಾಕುತ್ತಾರೆ. ಆ ಕುರುಡ ಮರಳಿ ಬಂದು ಕತ್ತಲ ಕೋಣೆಯಲ್ಲಿ ಹಗೆ ತೀರಿಸಿಕೊಳ್ಳುತ್ತಾನೆ. ಇಡೀ ಚಿತ್ರದಲ್ಲಿ ಅದಕ್ಕಿಂತ ಭೀಕರವಾದ, ಅದಕ್ಕಿಂತ ಕರುಣಾಜನಕವಾದ ಹೊಡೆದಾಟ ಇನ್ನೊಂದಿಲ್ಲ.

ಹೊಡೆದಾಟಗಳನ್ನು ಸಂಯೋಜಿಸಲು ನುರಿತವರಿದ್ದರು, ಅದು ಶಾ ಸಂಸ್ಥೆಯ ಬಲ. ಆದರೆ ಪೆಟ್ಟಿಗೆ ಮುಂಚೆ ನೋವನ್ನು ಕಟ್ಟುವ ಕಲೆ ಜಂಗ್ ಅವರಿಗೆ ಬಂದದ್ದು ಕೊರಿಯಾದ ಕಣ್ಣೀರಿನ ಕತೆಗಳಿಂದ ಎಂದೇ ನಾನು ತಿಳಿದಿದ್ದೇನೆ. ರೊಚ್ಚಿಗೆದ್ದ ನಾಯಕನ ಕಣ್ಣುಗಳನ್ನು ಕೆಂಪು ಬೆಳಕಿನಲ್ಲಿ ಹತ್ತಿರದಿಂದ ತೋರಿಸುವಾಗ ಕಿವಿಗಪ್ಪಳಿಸುವ ಸೈರನ್ ಸದ್ದು ಮೂಲತಃ ಕ್ವಿನ್ಸಿ ಜೋನ್ಸ್ ಅಮೆರಿಕದ ‘ಐರನ್‌ಸೈಡ್’ ಟಿವಿ ಸರಣಿಗೆ ಮಾಡಿದ ಸಂಗೀತದ್ದು. 2003ರಲ್ಲಿ ಕ್ವೆಂಟಿನ್ ಟರಂಟಿನೋ ಅದನ್ನು ‘ಕಿಲ್ ಬಿಲ್’ನಲ್ಲಿ ಮತ್ತೆ ಮೊಳಗಿಸಿದಾಗ, ಜಂಗ್ ಅವರ ಹೆಸರೇ ಕೇಳದ ಪ್ರೇಕ್ಷಕರು ಕೂಡ ಅವರ ಒಂದು ತುಣುಕನ್ನು ಕೇಳಿಸಿಕೊಂಡರು.

ಶಾ ಬಿಟ್ಟು ಹಾಂಕಾಂಗಿನದೇ ಇನ್ನೊಂದು ಸಂಸ್ಥೆಯಾದ ಗೋಲ್ಡನ್ ಹಾರ್ವೆಸ್ಟ್ ಸೇರಿದ ಮೇಲೆ ಮಾಡಿದ್ದರಲ್ಲಿ 1977ರ ‘ಬ್ರೋಕನ್ ಓತ್’ ನೋಡಲೇಬೇಕಾದದ್ದು. ಸೆರೆಮನೆಯಲ್ಲಿ ಹುಟ್ಟಿದ ಹೆಣ್ಣೊಬ್ಬಳ ಸೇಡಿನ ಕತೆ, ಏಂಜೆಲಾ ಮಾವೋ ನಾಯಕಿ. ಬಳಿಕ ಜಂಗ್ ತಾಯ್ನಾಡಿಗೆ ಮರಳಿ ನಿರ್ಮಾಪಕರಾದರು, ಮುಂದೆ ಅಮೆರಿಕಕ್ಕೆ ಹೋಗಿ ನೆಲೆಸಿದರು.

ಕೊರಿಯಾಕ್ಕೆ ಅವರು ಹಾಂಕಾಂಗಿಗೆ ಹೋದವರು, ಹಾಂಕಾಂಗಿಗೆ ಹೊರಗಿನಿಂದ ಬಂದವರು. ಹೀಗಾಗಿ ಎರಡೂ ಕಡೆಯ ಚರಿತ್ರೆಗಳಲ್ಲಿ ಬಹುಕಾಲ ಅವರಿಗೆ ತಕ್ಕ ಜಾಗ ಸಿಗಲಿಲ್ಲ. ‘ಕಿಲ್ ಬಿಲ್’ ಬಂದ ವರ್ಷವೇ ಬುಸಾನ್ ಚಿತ್ರೋತ್ಸವ ಅವರ ಚಿತ್ರಗಳ ಸಿಂಹಾವಲೋಕನ ನಡೆಸಿತು. ಆ ಹೊತ್ತಿಗೆ ಅವರು ಎಪ್ಪತ್ತೈದರ ಹತ್ತಿರದಲ್ಲಿದ್ದರು. ಐವತ್ತರ ದಶಕದ ಕೊರಿಯಾ ಚಿತ್ರಗಳಲ್ಲಿ ಎಷ್ಟೋ ಈಗ ಪ್ರತಿಯೂ ಉಳಿಯದೆ ಹೋಗಿವೆ. ಉಳಿದಿರುವ ಜಂಗ್ ಅವರ ಕೊರಿಯಾ ಚಿತ್ರಗಳನ್ನು ‘ಕಿಂಗ್ ಬಾಕ್ಸರ್’ ಜೊತೆಗಿಟ್ಟು ನೋಡುವ ಕೆಲಸ ಇನ್ನೂ ಬೇಕಾದಷ್ಟಿದೆ.